ನೀರು ಬಂದದ

ನನ್ನದು ಒಂದು ಕಡೆ ಕೂರುವ ಜೀವವಲ್ಲ. “ಇಕಿ ಕಾಲಾಗ ಚಕ್ರ ಅದಾವ” ಎಂದು ಅವ್ವ ಬೈಯುತ್ತಲೇ ಇದ್ದಳು. ಎಪ್ಪತ್ತರ ದಶಕದಲ್ಲಿ ಗೂಗಲ್ ಎಂಬ ಹಳ್ಳಿಯ ಹತ್ತಿರದ ನಮ್ಮ ಹೊಳೆದಂಡೆಯ ಊರಿನಿಂದ ದೇವದುರ್ಗದ ಹೈಸ್ಕೂಲಿಗೆ ಹೋಗುವಾಗಲೂ ಅಷ್ಟೇ. ಬಸ್ಸು ಬರುವವರೆಗೆ ನಿಂತು ಕಾಯಲಾರದೆ ಮುಂದಿನ ಊರಿನತ್ತ ನಡೆದುಬಿಡುತ್ತಿದ್ದೆ, ಬಸ್ಸು ನಡುದಾರಿಯಲ್ಲಿ ನನ್ನ ಮೇಲೆ ಧೂಳು ಹಾರಿಸಿ ಹೋಗುತ್ತಿತ್ತು. ಅಂಥವಳಿಗೆ ಕಡೆಗೆ ಸಿಕ್ಕ ಕೆಲಸ ಯಾವುದು ಅಂತೀರಿ? ಮಾನ್ವಿಯ ಕಾಲುವೆ ಕಚೇರಿಯಲ್ಲಿ ಟೆಲಿಫೋನಿನ ಮುಂದೆ ಕೂತಿರುವುದು.

ಕೆಲಸ ಕಷ್ಟದ್ದೇನಲ್ಲ. ಮಾನ್ವಿಯಿಂದ ಕೆಳಗೆ ದೊಡ್ಡ ಕಾಲುವೆ ಒಡೆದು ಸಣ್ಣ ಕಾಲುವೆಗಳಾಗುತ್ತದೆ. ಅವುಗಳ ಗೇಟು ಕಾಯುವವರು ಮುಂಜಾನೆ, ಸಂಜೆ ಸೈಕಲ್ ತುಳಿದುಕೊಂಡು ಬಂದೋ, ದಾರಿಯಲ್ಲಿ ಹೋಗುವ ಲಾರಿಯವರ ಕೈಯಲ್ಲಿ ಹೇಳಿ ಕಳಿಸಿಯೋ ಯಾವುದಕ್ಕೆ ನೀರು ಹರಿಯುತ್ತಿದೆ, ಯಾವುದು ಮುಚ್ಚಿದೆ ಎಂದು ನನಗೆ ತಿಳಿಸುತ್ತಿದ್ದರು. ನಾನು ಅದನ್ನು ರಾಯಚೂರಿನ ದೊಡ್ಡ ಕಚೇರಿಗೆ ಫೋನಿನಲ್ಲಿ ಹೇಳಬೇಕು. ಹೇಳುವುದೆಂದರೆ ಕೂಗುವುದು. ಆ ಕಾಲದ ಫೋನು ಎಂಥದ್ದೆಂದರೆ, ನನ್ನ ಮಾತು ರಾಯಚೂರಿಗೆ ತಲುಪುವ ಮೊದಲು ಎದುರಿನ ಚಹಾದಂಗಡಿಗೆ ತಲುಪುತ್ತಿತ್ತು. ಅಲ್ಲಿ ಕೂತವರು, “ಇವತ್ತ ಕೆಳಗಿನ ಕಾಲುವಿ ಬಂದ್ ಅಂತ ನೋಡ್ರಪಾ” ಎಂದು ಊರಿಗೆಲ್ಲ ಸುದ್ದಿ ಹಂಚುತ್ತಿದ್ದರು.

ರಾಯಚೂರಿನಲ್ಲಿ ಫೋನು ಎತ್ತುತ್ತಿದ್ದವರು ಹಿರಿಯ ಗುಮಾಸ್ತರು. ಅಲ್ಲಿನ ತೀನ್ ಕಂದೀಲ್ ಚೌಕದ ಕಡೆಯ ಮುಸ್ಲಿಂ ಮನೆತನದವರು, ಮನೆಮಾತು ದಖ್ಖನಿ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಎಲ್ಲ ಸುದ್ದಿಯನ್ನೂ ಅವರು ಒಂದು ದಪ್ಪ ಲಾಗ್ ಬುಕ್ಕಿನಲ್ಲಿ ಬರೆಯುತ್ತಿದ್ದರು. ಬರೆಯುವುದೇನು, ಕತೆ ಕಟ್ಟುತ್ತಿದ್ದರು.

“ನೀರು ಬಂದ್ ಅದ ರೀ ಚಾಚಾ,” ಎಂದು ನಾನು ಕೂಗಿದರೆ,

“ಯಾಕ ಬೇಟಿ, ಮೊನ್ನಿ ಬೇಸ್ ಇತ್ತಲ್ಲ, ಏನಾತು?” ಎನ್ನುತ್ತಿದ್ದರು.

“ದಂಡಿ ಕುಸದದ ರೀ. ಉಸುಕಿನ ಚೀಲ ಹಾಕಾಕತ್ತಾರ.”

“ಯಾರ ಹೊಲದ ಕಡೆ ಕುಸದದ? ಎತ್ತು ಗಿತ್ತು ಏನೂ ಬಿದ್ದಿಲ್ಲಲ್ಲ?”

ನನಗೆ ಮೈ ಉರಿಯುತ್ತಿತ್ತು. ಫೋನಿನ ವೈರು ಎಷ್ಟು ಉದ್ದವಿತ್ತೋ ಅಷ್ಟು ದೂರ ಅತ್ತಿತ್ತ ಓಡಾಡುತ್ತ, “ಲಗೂನ ಬರ್ಕೋರಿ ಚಾಚಾ,” ಎನ್ನುತ್ತಿದ್ದೆ. ಅವರು ಅವಸರ ಮಾಡಿದ್ದೇ ಇಲ್ಲ. ದಂಡೆ ಕುಸಿದದ್ದು, ಚೀಲ ಹಾಕಿದ್ದು, ಎತ್ತು ಬೀಳದಿದ್ದದ್ದು ಎಲ್ಲ ಸೇರಿಸಿ ಬರೆದು ಮುಗಿಸಿದ ಮೇಲೆ, ಬರೆದದ್ದನ್ನು ನನಗೇ ಓದಿ ಹೇಳುತ್ತಿದ್ದರು.

ನನ್ನ ನೌಕರಿ ದಿನಗೂಲಿಯದು. ಕೂಲಿ ಕೊಡುವ ವೋಚರಿನ ಮೇಲೆ ‘ಕೂಲಿಯಾಳು’ ಎಂದಷ್ಟೇ ಇರುತ್ತಿತ್ತು, ಹೆಸರಿಲ್ಲ. ಹಾಜರಿ ಪುಸ್ತಕದಲ್ಲಿ ಕಾಯಂ ನೌಕರರ ಹೆಸರು ಮಾತ್ರ. ಪಿಯುಸಿ ಪಾಸಾಗಿ, ಟೈಪಿಂಗ್ ಕಲಿತು, ಮಾನ್ವಿಯಲ್ಲಿ ಒಂದು ಕೋಣೆ ಹಿಡಿದು, ಅವ್ವನನ್ನು ಕಂಡವರ ಹೊಲದ ಕಳೆ ಕೀಳುವುದರಿಂದ ಬಿಡಿಸಿ ತಂದಿಟ್ಟುಕೊಂಡಿದ್ದೆ. ನೌಕರಿ ಹೋದರೆ ಕೋಣೆ ಹೋಗುತ್ತದೆ, ಅವ್ವ ಮತ್ತೆ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಹೊಲಕ್ಕೆ ಹೋಗುತ್ತಾಳೆ, ನಾನೂ ಅವಳ ಹಿಂದೆ. ಕಾಯಂ ಆಗಬೇಕು, ಆಗಲೇಬೇಕು ಎನ್ನುವುದೊಂದೇ ನನ್ನ ತಲೆಯೊಳಗೆ ತಿರುಗುತ್ತಿತ್ತು. ಉಣ್ಣುವಾಗ ಅದೇ, ತಲೆ ಬಾಚುವಾಗ ಅದೇ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ರಾಯಚೂರಿನ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಜೊತೆಗೆ ಮೈಸೂರು ಕಡೆಯ ಒಬ್ಬ ಯುವಕರೂ ಬಂದರು. ಮೃದು ಮಾತಿನವರು, ನನ್ನಂಥ ದಿನಗೂಲಿಯವಳಿಗೂ “ನಮಸ್ಕಾರಮ್ಮ” ಎನ್ನುವವರು. ಇನ್ನು ಮೇಲೆ ಕಾಲುವೆಯ ಸುದ್ದಿ ಫೋನಿನಲ್ಲಿ ಅವರೇ ಕೇಳಿಕೊಳ್ಳುತ್ತಾರೆ, ಲಾಗ್ ಬುಕ್ ಬಂದ್, ಎಲ್ಲ ಡೇಟಾಬೇಸಿಗೆ ಎಂದು ಆದೇಶವಾಯಿತು. ಚಾಚಾ ಆ ಹೆಸರು ಕೇಳಿ, “ಡೇಟಾ ಬೇಸ್ ಅಂತ? ಬೇಸ್ ಇದ್ರ ಬೇಸೇ ಬಿಡ್ರಿ,” ಎಂದು ನಕ್ಕರಂತೆ. ನಮ್ಮ ಕಡೆ ಬೇಸ್ ಎಂದರೆ ಚಲೋ ಎಂದರ್ಥ. ಆ ಯುವಕರಿಗೆ ಯಾಕೆ ಎಲ್ಲರೂ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲವಂತೆ.

ಒಮ್ಮೆ ಯಾವುದೋ ಕಾಗದ ಕೊಡಲು ರಾಯಚೂರಿಗೆ ಹೋದಾಗ ಅವರು ನನಗೆ ಅದನ್ನು ತೋರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ರಾಯಚೂರಿನ ಬಿಸಿಲಿನಲ್ಲಿ ಆ ಒಂದು ಕೋಣೆ ಮಾತ್ರ ತಣ್ಣಗಿತ್ತು. ಕೆಲಸವಿಲ್ಲದವರೂ ಏನಾದರೊಂದು ನೆಪ ಹೇಳಿ ಅಲ್ಲಿ ಬಂದು ನಿಲ್ಲುತ್ತಿದ್ದರು.

“ಗುಮಾಸ್ತರು ಬರೀತಿದ್ದದ್ದು ಕತೆ ಥರ ಇತ್ತಮ್ಮ,” ಎಂದರು. “ಕತೆ ಓದೋಕೆ ಮನುಷ್ಯನೇ ಬೇಕು. ಹೋದ ತಿಂಗಳು ಈ ಕಾಲುವೆಗೆ ಎಷ್ಟು ದಿನ ನೀರು ಹರೀತು ಅಂತ ಯಾರಾದರೂ ಕೇಳಿದರೆ, ಪೂರ್ತಿ ಪುಸ್ತಕ ಓದಿ ಲೆಕ್ಕ ಹಾಕಬೇಕು. ಇಲ್ಲಿ ಹಾಗಲ್ಲ. ಒಂದೊಂದಕ್ಕೂ ಒಂದೊಂದು ಖಾನೆ. ಯಾವ ಕಾಲುವೆ, ಒಂದು ಖಾನೆ. ನೀರಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಯಾರು ಹೇಳಿದರು ಅನ್ನೋದಕ್ಕೆ ಒಂದು ಖಾನೆ. ತಾರೀಖು, ವೇಳೆ ನಾನು ತುಂಬೋದೇ ಬೇಡ, ಪ್ರೋಗ್ರಾಂ ತಾನೇ ಬರೆದುಕೊಳ್ಳುತ್ತೆ.”

ಕೀಲಿಮಣೆಯ ಮೇಲೆ ಏನೋ ಒತ್ತಿದರು. ಹಸಿರು ಅಕ್ಷರಗಳಲ್ಲಿ ಸಾಲು ಸಾಲಾಗಿ ಬಂತು. ಪ್ರತಿ ಸಾಲಿನ ಕೊನೆಗೆ ಇಂಗ್ಲಿಷಿನಲ್ಲಿ ನನ್ನ ಹೆಸರು. ನನ್ನ ಹೆಸರನ್ನು ಅಷ್ಟು ಸಲ ಒಟ್ಟಿಗೆ ನಾನು ಎಲ್ಲಿಯೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಪೆಟ್ಟಿಗೆಯ ಮೇಲೆ ನನಗೆ ಮೋಹವೇ ಹುಟ್ಟಿತು.

ಆ ಯುವಕರ ಜೊತೆ ಕೆಲಸವೂ ಸಲೀಸು. ಚಾಚಾರಂತೆ ಎತ್ತು ಬಿತ್ತೇ, ಎಮ್ಮೆ ಬಿತ್ತೇ ಎಂದು ಕೇಳುವವರಲ್ಲ. ನಾನು “ಬಂದ್ ಅದ ರೀ” ಎಂದರೆ, ಅವರು ಮತ್ತೊಮ್ಮೆ, “ಬಂದ್ ಇದೆ, ಅಲ್ವಾ?” ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. “ಹೂಂ ರೀ” ಎಂದರೆ ಮುಗಿಯಿತು. ನನ್ನಂಥ ತಾಳ್ಮೆಗೇಡಿಗೆ ಇದಕ್ಕಿಂತ ಏನು ಬೇಕು. ಫೋನಿಟ್ಟು ಎದ್ದು ಹೊರಗೆ ಓಡುತ್ತಿದ್ದೆ.

ಅದೇ ಹೊತ್ತಿಗೆ ಬಹಳ ದಿನ ಕೆಲಸ ಮಾಡಿದ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಚಾಚಾ ಫೋನ್ ಮಾಡಿ ಹೇಳಿದರು.

“ಬೇಟಿ, ದಿನಾ ಕೆಲಸಕ್ಕ ಬಂದೀನಂತ ತೋರಸಾಕ ಪುರಾವಿ ಕೇಳತಾರ. ವೋಚರ್‌ದಾಗ ನಿನ್ನ ಹೆಸರಿಲ್ಲ, ಹಾಜರಿದಾಗ ಇಲ್ಲ. ನನ್ನ ಲಾಗ್ ಬುಕ್ಕಿನಾಗೂ ‘ಮಾನ್ವಿಯಿಂದ ತಿಳಿದುಬಂದದ್ದು’ ಅಂತ ಬರದೀನಿ, ನಿನ್ನ ಹೆಸರು ಬರದಿಲ್ಲ. ಆ ಡಬ್ಬಿಯೊಳಗೊಂದೇ ನಿನ್ನ ಹೆಸರು ತಾರೀಖಿನ ಸಮೇತ ಅದ. ಅದರದ ಪ್ರಿಂಟ್ ತಗಸಿ ನಿನ್ನ ಫೈಲಿಗೆ ಹಚ್ಚತೀನಿ.”

ಆ ವಾರವೆಲ್ಲ ನಾನು ನೆಲಕ್ಕೆ ಕಾಲಿಟ್ಟು ನಡೆದವಳಲ್ಲ. ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. “ಬಾಯಿಗೆ ಬರೂತನಕ ತುತ್ತಲ್ಲ, ಸುಮ್ಮ ಇರು” ಎಂದಳು.

ಅವಳ ಬಾಯಿಯಿಂದ ಅದು ಬಂದ ಗಳಿಗೆ ಎಂಥದ್ದೋ. ಬೇಸಿಗೆ ಬಂತು, ದೊಡ್ಡ ಕಾಲುವೆಯ ನೀರು ಮಾನ್ವಿಯ ತನಕ ತಲುಪುವುದೇ ನಿಂತಿತು. ಮಾನ್ವಿಯ ಕೆಳಗೆ ಕಾಲುವೆ ಒಣಗಿ ಬಿರುಕು ಬಿಟ್ಟಿತು, ಹುಡುಗರು ಅದರೊಳಗೆ ಇಳಿದು ಕ್ರಿಕೆಟ್ ಆಡಿದರು. ನಾನು ದಿನವೂ ಫೋನಿನಲ್ಲಿ “ಎಲ್ಲಾ ಬಂದ್ ಅದ ರೀ” ಎಂದು ಕೂಗುತ್ತಲೇ ಇದ್ದೆ. ಆಗ ಕೊನೆಯ ಹಳ್ಳಿಗಳ ಕೆಲವು ಮಂದಿ ರಾಯಚೂರಿಗೆ ಹೋಗಿ, ಈ ವರ್ಷ ನಮ್ಮ ಕಡೆಗೆ ನೀರು ಸರಿಯಾಗಿ ಬಿಟ್ಟೇ ಇಲ್ಲ ಎಂದು ಸಾಹೇಬರ ಮುಂದೆ ಜಗಳ ತೆಗೆದರು. ಸಾಹೇಬರೆಂದರೆ ಆ ಕಚೇರಿಯ ದೊಡ್ಡ ಇಂಜಿನಿಯರ್, ಧಾರವಾಡದ ಕಡೆಯವರು. ಅವರು ಠೀವಿಯಿಂದ ಕಂಪ್ಯೂಟರಿನ ಕಾಗದ ತರಿಸಿ, ನಾಲ್ಕೈದು ದಿನ ಬಿಟ್ಟರೆ ನಿಮ್ಮ ಕಾಲುವೆಗೆ ನೀರು ನಿಂತೇ ಇಲ್ಲ, ಇವತ್ತೂ ಹರಿಯುತ್ತಿದೆ ಎಂದು ಓದಿದರಂತೆ. ಬಂದವರಲ್ಲೊಬ್ಬ ಮುದುಕ ಎದ್ದು, “ಹಂಗಿದ್ರ ಮುಂದಿನ ವರ್ಷ ನೆಲ್ಲು ಆ ಡಬ್ಬಿಯೊಳಗ ಹಚ್ಚರಿ ಸಾಹೇಬ್ರ, ನಮ್ಮ ಹೊಲ ಬ್ಯಾಡ” ಎಂದನಂತೆ.

ಸಾಹೇಬರ ಮುಖ ಹೋಯಿತು. ಬಂದವರು ಎದ್ದುಹೋದ ಮೇಲೆ ಅವರು ಯಾರು ಯಾರು ಏನೇನು ಹೇಳಿದ್ದಾರೆ ಎಂದು ಕಂಪ್ಯೂಟರಿನಿಂದ ಬೇರೆ ಮಾಡಿಸಿ ನೋಡಿದರು. ಖಾನೆಗಳಿದ್ದುದರಿಂದ ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಆಯಿತು. ನಾನು ಜ್ವರ ಬಂದು ಮಲಗಿದ ದಿನಗಳಲ್ಲಿ ನಮ್ಮ ಕಚೇರಿಯ ಕಾವಲುಗಾರ “ನೀರಿಲ್ಲ ರೀ” ಎಂದು ಫೋನ್ ಮಾಡಿದ್ದ. ಅವನ ಸಾಲುಗಳಲ್ಲಿ ಸೊನ್ನೆ ಇತ್ತು. ನನ್ನ ಹೆಸರಿದ್ದ ಸಾಲುಗಳಲ್ಲಿ ಎಲ್ಲವೂ ಒಂದು, ಒಂದು, ಒಂದು. ನಾನು ಫೋನ್ ಹಿಡಿದ ದಿನ ಕಾಲುವೆಯಲ್ಲಿ ನೀರು ಹರಿಯುತ್ತದೆ, ನಾನು ಮಲಗಿದ ದಿನ ನಿಲ್ಲುತ್ತದೆ. ಮೇಲಿನ ಊರಿನವರು ನೀರು ಕದಿಯುವುದನ್ನು ಮುಚ್ಚಿಡಲು ಈ ಹುಡುಗಿ ಏನೋ ತಿಂದಿದ್ದಾಳೆ ಎಂದು ಮಾತಾಯಿತು.

“ನಾಳೆಯಿಂದ ಫೋನ್ ಮುಟ್ಟಬ್ಯಾಡ. ರಾಯಚೂರಿಗೆ ಬಾ,” ಎಂದು ಸಾಹೇಬರು ಹೇಳಿ ಫೋನಿಟ್ಟರು. ಯಾಕೆ ಎಂದು ಚಾಚಾ ಆಮೇಲೆ ತಿಳಿಸಿದರು.

ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಕೂತ ಆ ಮುಂಜಾನೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಕಿಟಕಿಯ ಪಕ್ಕ ಜಾಗ ಸಿಕ್ಕರೂ ಬಿಟ್ಟೆದ್ದು ಬಾಗಿಲ ಹತ್ತಿರ ನಿಂತೆ. ಕಂಡಕ್ಟರ್ ಎರಡು ಸಲ ಗದರಿದ. ತಪ್ಪು ಮಾಡಿಲ್ಲವೆಂದು ಗೊತ್ತಿದ್ದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದು ಎಂದರೆ ಇದೇ ಇರಬೇಕು. ಗೇಟಿನವರು ನನಗೆ ಸುಳ್ಳು ಹೇಳಿದರೇ? ಇಲ್ಲ, ಒಣಗಿದ ಕಾಲುವೆಯನ್ನು ನಾನೇ ಕಣ್ಣಾರೆ ಕಂಡಿದ್ದೆ. ಹಾಗಾದರೆ ಆ ಮೈಸೂರಿನವರೇ ಬೇಕೆಂದು ಹೀಗೆ ಮಾಡಿದ್ದಾರೆ. “ನಮಸ್ಕಾರಮ್ಮ” ಎನ್ನುವ ಬಾಯಿಗೆ ಇಷ್ಟು ಕಪಟವೇ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ, ಮಿರ್ಚಿಯ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ದಿನದಿಂದ ಉಂಡಿರಲಿಲ್ಲ, ಆದರೂ ನಿಲ್ಲದೆ ಕಚೇರಿಯತ್ತ ನಡೆದೆ.

ತಣ್ಣನೆಯ ಕೋಣೆಯಲ್ಲೇ ವಿಚಾರಣೆ. ಸಾಹೇಬರು ಕುರ್ಚಿಯಲ್ಲಿ, ಕಂಪ್ಯೂಟರಿನವರು ಪಕ್ಕದಲ್ಲಿ, ಚಾಚಾ ಬಾಗಿಲಿಗೆ ಒರಗಿ. ಸಾಹೇಬರು ಕಾಗದ ನನ್ನತ್ತ ತಳ್ಳಿದರು.

“ಓದು. ಇದು ನೀ ಹೇಳಿದ್ದು.”

“ನಾ ಇದನ್ನ ಹೇಳಿಲ್ಲ ರೀ ಸಾಹೇಬ್ರ. ದಿನಾ ಬಂದ್ ಅದ ಅಂತನ ಹೇಳೀನಿ.”

“ಮತ್ತ ಇವರು ಇಷ್ಟು ದಿನ ಸುಳ್ಳ ತುಂಬ್ಯಾರೇನು?”

ನಾನು ಆ ಯುವಕರ ಕಡೆ ತಿರುಗಿದೆ. “ನಿಮ್ಮ ತಾಯಾಣೆ ಮಾಡಿ ಹೇಳ್ರಿ ಸರ್. ನಾ ಏನಂದೀನಿ ನಿಮಗ? ನೀರು ಬಂದ್ ಅದ ಅಂದೀನೋ ಇಲ್ಲೋ?”

“ಹೌದಮ್ಮ,” ಎಂದರು ಅವರು, ಗಾಬರಿಯಿಂದ. “ನೀರು ಬಂದದ ಅಂದ್ರಿ. ನಾನೂ ಬಂದಿದೆ ಅಂತಾನೇ ಹಾಕಿದ್ದೀನಲ್ಲ.”

“ಬಂದ್ ಇದೆ ಅಂತ ಹಾಕಿದ್ರ ಇಲ್ಲಿ ಯಾಕ ಒಂದು ಅದ? ಸೊನ್ನಿ ಇರಬೇಕಲ್ಲ?”

“ಬಂದಿದ್ದರೆ ಒಂದೇ ಅಲ್ವಾಮ್ಮ?”

“ಬಂದ್ ಇದ್ರ ಒಂದು ಹೆಂಗ ಆಗತದ ರೀ?”

ಹೀಗೆ ನಾವಿಬ್ಬರೂ ಒಂದೇ ಮಾತು ಹಿಡಿದು ಕಿತ್ತಾಡಿದೆವು. ನನ್ನ ದನಿ ಏರಿತು, ಅವರದೂ ಏರಿತು. ಮೊದಲು ನಕ್ಕವರು ಸಾಹೇಬರು. ಅದುವರೆಗೆ ಬೆಂಕಿಯಂತೆ ಕೂತಿದ್ದವರು ಒಮ್ಮೆಲೇ ಮೇಜಿನ ಮೇಲೆ ಬಗ್ಗಿ ನಕ್ಕರು. ಆಮೇಲೆ ಚಾಚಾ ಹಣೆ ಬಡಿದುಕೊಂಡರು. ನನಗೆ ಕಡೆಗೆ ಹೊಳೆಯಿತು, ಆ ಮೈಸೂರಿನವರಿಗೆ ನನಗಿಂತ ಸ್ವಲ್ಪ ತಡವಾಗಿ.

ನೀರು ಬಂದಿದೆ ಎನ್ನಲು ನಮ್ಮ ಕಡೆ ‘ಬಂದದ’ ಎನ್ನುತ್ತೇವೆ. ನೀರು ಮುಚ್ಚಿದೆ ಎನ್ನಲು ‘ಬಂದ್ ಅದ’. ಕಿವಿಗೆ ಎರಡೂ ಒಂದೇ. ಅವರ ಕಡೆ ನೀರು ಬಂದ್ ಆಗುವುದೇ ಇಲ್ಲ, ನಿಲ್ಲುತ್ತದೆ. ಅದಕ್ಕೆ ನಾನು ಏನು ಹೇಳಿದರೂ ಅವರಿಗೆ ಬಂದಿದೆ ಎಂದೇ ಕೇಳಿಸಿತು. ಖಾತ್ರಿ ಮಾಡಿಕೊಳ್ಳಲು “ಬಂದಿದೆ, ಅಲ್ವಾ?” ಎಂದು ಕೇಳಿದರು. ನನಗದು “ಬಂದ್ ಇದೆ, ಅಲ್ವಾ?” ಎಂದು ಕೇಳಿಸಿತು, ಹೂಂ ಎಂದೆ. ಚಿಕ್ಕಂದಿನಲ್ಲಿ ನಮ್ಮೂರ ಹೊಳೆಯ ದಂಡೆಯಲ್ಲಿ “ಹರಿಗೋಲು ಬಂದದ” ಎಂದು ಯಾರಾದರೂ ಕೂಗಿದರೆ, ಬಂತೋ ನಿಂತಿತೋ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಹೊಳೆ ಕಣ್ಣೆದುರಿಗೇ ಇರುತ್ತಿತ್ತು. ಚಾಚಾ ಯಾಕಾತು, ಹೆಂಗಾತು ಎಂದು ಕೆದಕಿ ಕೆದಕಿ ಕೇಳುತ್ತಿದ್ದುದರಿಂದ ಅವರಲ್ಲಿಯೂ ಎಡವಟ್ಟಾಗಿರಲಿಲ್ಲ.

ಸುದ್ದಿ ಕಚೇರಿಗೆಲ್ಲ ಹರಡಿತು. ಪ್ರತಿಯೊಬ್ಬರೂ ಬಂದು, ಎರಡಕ್ಕೂ ಫರಕು ಅದ, ನಾ ಹೇಳಿ ತೋರಸತೀನಿ ಎಂದು ಹೇಳಿ ತೋರಿಸಿದರು. ಒಬ್ಬರು ನಡುವೆ ತಡೆದು ಹೇಳಿದರು, ಒಬ್ಬರು ಕೊನೆಗೆ ಎಳೆದು ಹೇಳಿದರು. ಒಬ್ಬರ ಫರಕು ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ.

“ನಮ್ಮ ಉರ್ದುದಾಗ ಈ ಗೋಟಾಳಿ ಇಲ್ಲ ನೋಡ್ರಿ ಸಾಬ್,” ಎಂದರು ಚಾಚಾ. “ಪಾನೀ ಆಯಾ ಅಂದ್ರ ಬಂತು, ಪಾನೀ ಬಂದ್ ಅಂದ್ರ ಬಂದ್. ನೀವು ಕನ್ನಡದವ್ರು ನಮ್ಮ ಬಂದ್ ಉದ್ರಿ ಒಯ್ದು ಅದಕ್ಕ ‘ಅದ’ ಹಚ್ಚಿದ್ರಿ. ಹಚ್ಚೋ ಮುಂದ ಕೇಳಬೇಕಿತ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಅಷ್ಟರಲ್ಲಿ ಸಾಹೇಬರು ನಗು ನಿಲ್ಲಿಸಿ ಕಂಪ್ಯೂಟರಿನವರಿಗೆ ಕೇಳಿದರು.

“ಇವುಗಳಾಗ ಖರೇ ಯಾವು, ಸುಳ್ಳ ಯಾವು?”

ಯುವಕರು ಪರದೆಯ ಮೇಲಿನ ಸಾಲುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದರು. “ಗೊತ್ತಾಗಲ್ಲ ಸರ್. ಎರಡು ಮಾತೂ ಒಂದೇ ಅಂಕಿ ಆಗಿ ಹೋಗಿದೆ. ಅವರಾಡಿದ ಮಾತನ್ನ ಹಾಗೇ ಬರೆದಿಡೋಕೆ ನಾನು ಖಾನೆ ಇಟ್ಟಿರಲಿಲ್ಲ, ಜಾಗ ದಂಡ ಅಂತ. ಇಟ್ಟಿದ್ದರೂ ಈ ಮಾತಲ್ಲಿ ಏನು ಪ್ರಯೋಜನ ಆಗ್ತಿತ್ತೋ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಈ ಪೆಟ್ಟಿಗೆಗೂ ಸರಿಯಾಗಿ ಅನ್ವಯಿಸುತ್ತದೆ.

“ಹಂಗಾದ್ರ ಈ ಹುಡುಗಿ ಹೇಳಿದ್ದೆಲ್ಲಾ ಅಳಸಿ ಹಾಕ್ರಿ,” ಎಂದರು ಸಾಹೇಬರು. “ಸುಳ್ಳ ಮಾಹಿತಿ ಇಟ್ಕೊಂಡು ಕುಂತ್ರ ನಾಳೆ ಮ್ಯಾಲಿನವರು ನನ್ನ ಕೊರಳಿಗೆ ಬರ್ತಾರ. ನೀನು ಹೋಗವಾ, ನಿಂದೇನ ತಪ್ಪಿಲ್ಲ. ಫೋನ್ ಮಾಡು ಬೇಕಾದ್ರ.”

ಅಳಿಸುವುದು. ನನ್ನ ಕಿವಿಯಲ್ಲಿ ಆ ಮಾತೊಂದೇ ಉಳಿಯಿತು. ನಾನು ಚಾಚಾರನ್ನು ನೋಡಿದೆ. ಅವರ ಮುಖ ಬಾಡಿತ್ತು. ಕಾಯಂ ಪಟ್ಟಿಗೆ ನನ್ನ ಕಡೆಯಿಂದ ಕೊಡಲು ಇದ್ದದ್ದು ಆ ಸಾಲುಗಳು ಮಾತ್ರ. ಸುಳ್ಳುಗಾರ್ತಿ ಎಂದು ಕಳಿಸುವವರಿದ್ದರು, ಅದು ತಪ್ಪಿತು. ಈಗ ನಾನು ಕೆಲಸಕ್ಕೇ ಬಂದಿರಲಿಲ್ಲ ಎಂದಾಗುವುದರಲ್ಲಿತ್ತು. ಅತ್ತ ದರಿ, ಇತ್ತ ಪುಲಿ.

“ಅಳಸಬ್ಯಾಡ್ರಿ ಸಾಹೇಬ್ರ,” ಎಂದೆ. “ಸುಳ್ಳ ಇದ್ರ ಇರಲಿ. ನನ್ನ ಹೆಸರು ಇರಲಿ.”

“ಹುಚ್ಚೇನು ನಿನಗ? ನಿನ್ನ ಹೆಸರಿನ ಮುಂದ ಸುಳ್ಳ ಇರಲಿ ಅಂತೀ?”

“ವೋಚರ್‌ದಾಗ ನಾ ಇಲ್ಲ, ಹಾಜರಿದಾಗ ಇಲ್ಲ. ಇದನ್ನೂ ಅಳಸಿದ್ರ ನಾ ಎಲ್ಲಿ ಇದ್ದೆ ಅಂತ ತೋರಸಲಿ ರೀ? ಮಳಿ ಅನ್ನಲಿಲ್ಲ, ಬಿಸಲ ಅನ್ನಲಿಲ್ಲ, ಗಂಟಲ ಹರಕೊಂಡು ಹೇಳೀನಿ. ನಾ ಹೇಳಿದ್ದು ನಿಮಗ ಬ್ಯಾರೆ ಕೇಳಿಸಿದ್ರ ನಾ ಹೇಳಿಲ್ಲ ಅಂತ ಆಗತದೇನು?”

ಅಷ್ಟು ಮಾತು ಸಾಹೇಬರೆದುರು ಆಡಿದವರು ಆ ಕಚೇರಿಯಲ್ಲಿ ಇರಲಿಕ್ಕಿಲ್ಲ. ಅತ್ತೂಬಿಟ್ಟೆ. ಸಿಟ್ಟಿಗೆ ಬಂದ ಅಳು ಅದು. ಕಡೆಗೆ ಆ ಯುವಕರು ಮೆಲ್ಲಗೆ ಹೇಳಿದರು.

“ಸಾಲು ಅಳಿಸೋದು ಬೇಡ ಸರ್. ತಾರೀಖು, ವೇಳೆ, ಹೆಸರು ಹಾಗೇ ಇರಲಿ, ಅದೇನೂ ಸುಳ್ಳಲ್ಲ. ನೀರಿನ ಖಾನೇಲಿ ಮಾತ್ರ ಒಂದು ತೆಗೆದು ಒಂಬತ್ತು ಹಾಕ್ತೀನಿ.”

“ಒಂಬತ್ತು ಅಂದ್ರ?”

“ಗೊತ್ತಿಲ್ಲ ಅಂತ ಸರ್.”

ಸಾಹೇಬರು ತಲೆಯಾಡಿಸಿದರು. ನನ್ನ ಮೈ ಮತ್ತೆ ಉರಿಯಿತು. “ಗೊತ್ತಿಲ್ಲ ಅಂತ ನಾ ಒಂದ ದಿನನೂ ಅಂದಿಲ್ಲ ಸರ್. ನನಗ ಗೊತ್ತಿತ್ತು. ಗೊತ್ತಾಗಲಾರದ್ದು ನಿಮಗ. ಹಂಗಂತ ಬರೀರಿ.”

“ಬರೀಬಹುದಿತ್ತಮ್ಮ,” ಎಂದರು ಅವರು, ನನ್ನ ಮುಖ ನೋಡದೆ. “ಆ ಖಾನೇಲಿ ಒಂದೇ ಅಕ್ಷರಕ್ಕೆ ಜಾಗ ಇದೆ.”

ಆ ದಿನ ಅವರ ಮೇಲೆ ಬಂದ ಸಿಟ್ಟು ಇಳಿಯಲು ಬಹಳ ಕಾಲ ಬೇಕಾಯಿತು. ಒಳ್ಳೆಯ ಮನುಷ್ಯ ಎನ್ನುವುದು ಗೊತ್ತಿದ್ದೇ ಸಿಟ್ಟು ಬರುತ್ತಿತ್ತು. ಮುಂದೆ ಅವರು ಒಂದು ಅಗಲವಾದ ಖಾನೆ ಸೇರಿಸಿ, ನಾವು ಆಡಿದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಬರೆಯತೊಡಗಿದರು. ಚಾಚಾ ಅವರಿಗೊಂದು ಉಪಾಯವನ್ನೂ ಹೇಳಿಕೊಟ್ಟಿದ್ದರು. ಬಾಗಿಲು ಬಂದ್ ಅದ, ಮೆಹಮಾನ ಬಂದದ. ಮುಚ್ಚಿದ್ದಕ್ಕೆ ಬಾಗಿಲು, ಬಂದದ್ದಕ್ಕೆ ಮೆಹಮಾನ, ಅಂದರೆ ಅತಿಥಿ, ಚಾಚಾರ ಕನ್ನಡದಲ್ಲಿ ಅತಿಥಿಯೂ ‘ಬಂದದ’. ಅಂದಿನಿಂದ ಆ ಮೈಸೂರಿನವರು ಫೋನಿನಲ್ಲಿ, “ಏನಮ್ಮ, ಬಾಗಿಲಾ, ಮೆಹಮಾನಾ?” ಎಂದು ಗಂಭೀರವಾಗಿ ಕೇಳುತ್ತಿದ್ದರು. “ಮೆಹಮಾನ ರೀ” ಎಂದು ನಾನು ಕೂಗಿದರೆ ಎದುರಿನ ಚಹಾದಂಗಡಿಯಲ್ಲಿ, ಈ ಹುಡುಗಿಯ ಮನೆಗೆ ದಿನಾ ಬೀಗರು ಬರತಾರೇನು ಎಂದು ಚೇಷ್ಟೆ ಮಾಡುತ್ತಿದ್ದರು.

ಕಾಯಂ ಆದೇಶ ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಚಾಚಾ ಅದರ ಜೊತೆ ಫೈಲಿಗೆ ಹಚ್ಚಿದ್ದ ಕಂಪ್ಯೂಟರ್ ಕಾಗದದ ಒಂದು ಪ್ರತಿಯನ್ನೂ ಕಳಿಸಿದ್ದರು. ಎರಡೂ ಅಂಚಿನಲ್ಲಿ ತೂತುಗಳಿದ್ದ, ಮಡಿಕೆ ಬಿಚ್ಚಿದರೆ ಬಾಗಿಲವರೆಗೆ ಹರಡುವ ಉದ್ದನೆಯ ಕಾಗದ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈ ತೊಳೆದುಕೊಂಡು ಬಂದು ಅದರ ಪಕ್ಕ ಕೂತಳು. ಓದು ಬಾರದವಳು. ಸಾಲುಗಳ ಮೇಲೆ ಬೆರಳಾಡಿಸಿ, “ಇಷ್ಟೆಲ್ಲಾ ಏನಂತ ಬರದಾರ ಬೇ?” ಎಂದಳು.

“ನಾ ದಿನಾ ಕೆಲಸಕ್ಕ ಹೋಗಿ ಮಾತಾಡೀನಂತ ಬರದಾರ ಯವ್ವಾ.”

“ಏನು ಮಾತಾಡ್ದಿ ಅಂತ?”

“ಅದು ಅವರಿಗೆ ತಿಳೀಲಿಲ್ಲಂತ.”

ಅವ್ವ ಕಾಗದವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. “ಇಷ್ಟು ದಿನದಾಗ ಒಂದ ದಿನನೂ ತಿಳೀಲಿಲ್ಲೇನು?”

ಇಲ್ಲ ಎಂದು ತಲೆಯಾಡಿಸಿದೆ.

“ಹೋಗಲಿ ಬಿಡು, ನಮ್ಮ ಮಾತು ಯಾರಿಗೆ ತಿಳದದ. ನೌಕರಿ ಕೊಟ್ಟಾರಲ್ಲ,” ಎಂದು ಎದ್ದು ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ನಾನು ಕಾಗದ ಮಡಚಲು ನೋಡಿದೆ. ಕಣ್ಣು ತುಂಬಿ ಮಡಿಕೆಗಳು ಕಾಣಲಿಲ್ಲ.